ಬೆರಾತ್‌ನ ಕಿಟಕಿಗಳ ಹಿಂದೆ ಯಾರಿದ್ದಾರೆ?

ಅಲ್ಬೇನಿಯಾ ಅಂತ ಫೋನಿನಲ್ಲಿ ಹುಡುಕಿ ನೋಡಿ. ಬರುವ ಫೋಟೊಗಳಲ್ಲಿ ಬೆರಾತ್ ಊರಿನದು ಒಂದಾದರೂ ಇದ್ದೇ ಇರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಂಥ ಬಿಳಿ ಮನೆಗಳು, ಪ್ರತಿ ಮನೆಗೂ ಸಾಲು ಸಾಲು ದೊಡ್ಡ ಕಿಟಕಿಗಳು, ಕೆಳಗೆ ನದಿ. ‘ಸಾವಿರ ಕಿಟಕಿಗಳ ಊರು’ ಅನ್ನೋದು ಇದರ ಅಡ್ಡಹೆಸರು. ‘ಒಂದರ ಮೇಲೊಂದು ಕಿಟಕಿಗಳ ಊರು’ ಅಂತಲೂ ಹೇಳ್ತಾರೆ. ಎರಡೂ ಒಪ್ಪುತ್ತವೆ.

ಕಳೆದ ಮೇ ತಿಂಗಳಲ್ಲಿ ಅಲ್ಲಿ ನಾಲ್ಕು ದಿನ ಇದ್ದು ಬಂದೆ. ರಾಜಧಾನಿ ಟಿರಾನಾದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಎರಡೂವರೆ, ಮೂರು ಗಂಟೆಯ ದಾರಿ. ಏನೇನು ನೋಡಬೇಕು, ಎಲ್ಲಿ ಊಟ ಮಾಡಬೇಕು ಅನ್ನೋ ಪಟ್ಟಿ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತೆ. ಅದನ್ನ ನಾನಿಲ್ಲಿ ಕೊಡಲ್ಲ. ಇಷ್ಟೊಂದು ರಾಜರು, ಪಾಷಾಗಳು, ಸರ್ವಾಧಿಕಾರಿಗಳು ಬಂದುಹೋದ ಮೇಲೂ ಈ ಊರು ಹೇಗೆ ಉಳೀತು, ಮುಂದೆಯೂ ಉಳಿಯುತ್ತಾ ಅನ್ನೋದೇ ಈ ವಾರದ ಮಾತು.

ನದಿಯಿಂದಲೇ ಶುರು ಮಾಡೋಣ. ಅದರ ಹೆಸರು ಒಸುಮ್. ದಕ್ಷಿಣ ಅಲ್ಬೇನಿಯಾದ ಬೆಟ್ಟಗಳಲ್ಲಿ ಹುಟ್ಟಿ, ಸುಣ್ಣಕಲ್ಲಿನ ಬಂಡೆಗಳನ್ನು ಕೊರೆದುಕೊಂಡು ಬರುತ್ತದೆ. ಬೆರಾತ್‌ಗಿಂತ ಮೇಲೆ, ಚೊರೊವೊಡಾ ಅನ್ನೋ ಪಟ್ಟಣದ ಹತ್ತಿರ, ಇದು ಕಿಲೋಮೀಟರ್‌ಗಟ್ಟಲೆ ಉದ್ದದ ಕಮರಿಯೊಳಗೆ ಹರಿಯುತ್ತದೆ. ಎರಡೂ ಕಡೆ ಗೋಡೆ ಕಟ್ಟಿದಂತೆ ನೆಟ್ಟಗೆ ನಿಂತ ಬಂಡೆ, ಅಲ್ಲಲ್ಲಿ ಮೇಲಿಂದ ಧುಮುಕುವ ನೀರು. ಹಿಮ ಕರಗುವ ವಸಂತದಲ್ಲಿ ನೀರು ತುಂಬಿರುತ್ತದೆ, ರಾಫ್ಟಿಂಗ್‌ಗೆ ಜನ ಬರುತ್ತಾರೆ. ಬೇಸಿಗೆ ಬಲಿತರೆ ನೀರು ಇಳಿದು, ಅದೇ ಕಮರಿಯ ತಳದಲ್ಲಿ ನಡೆದುಕೊಂಡೇ ಹೋಗಬಹುದು. ಬೆರಾತ್ ದಾಟಿದ ಮೇಲೆ ಒಸುಮ್ ಇನ್ನೊಂದು ನದಿ ದೆವೊಲ್ ಜೊತೆ ಸೇರಿ, ಸೆಮಾನ್ ಅನ್ನೋ ಹೊಸ ಹೆಸರಿನಲ್ಲಿ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ.

ಊರಿನ ಪೂರ್ವಕ್ಕೆ ತೊಮೊರ್ ಪರ್ವತ, 2,416 ಮೀಟರ್ ಎತ್ತರ. ಮೇ ತಿಂಗಳಲ್ಲೂ ನೆತ್ತಿಯ ಮೇಲೆ ಹಿಮದ ಬಿಳಿ ಗೆರೆಗಳಿದ್ದವು. ಎದುರಿಗೆ ಅದರ ಅರ್ಧದಷ್ಟೇ ಎತ್ತರದ ಶ್ಪಿರಾಗ್ ಬೆಟ್ಟ, ಮೈತುಂಬ ಉದ್ದುದ್ದ ಸೀಳು. ಊರಿನವರ ಕಥೆಯ ಪ್ರಕಾರ ಇವರಿಬ್ಬರೂ ದೈತ್ಯರು. ಒಬ್ಬಳೇ ಹುಡುಗಿಗಾಗಿ ಬಡಿದಾಡಿದರು. ತೊಮೊರ್‌ನ ಕತ್ತಿ ಏಟಿಗೆ ಶ್ಪಿರಾಗ್ ಮೈಮೇಲೆ ಸೀಳುಗಳಾದವು, ಶ್ಪಿರಾಗ್‌ನ ಗದೆ ಏಟಿಗೆ ತೊಮೊರ್ ಮೈಯಲ್ಲಿ ಗುಂಡಿಗಳಾದವು. ಇಬ್ಬರೂ ಸತ್ತರು. ಅಳುತ್ತಾ ಕೂತ ಹುಡುಗಿಯ ಕಣ್ಣೀರೇ ಒಸುಮ್ ನದಿಯಾಯಿತಂತೆ.

ಈ ಭೂಮಿಯ ಆಕಾರವೇ ಊರಿನ ಆಕಾರವನ್ನೂ ನಿರ್ಧರಿಸಿದೆ. ನದಿಯ ಉತ್ತರ ದಡದಲ್ಲಿ ಕಡಿದಾದ ಗುಡ್ಡ, ಗುಡ್ಡದ ತಲೆಯ ಮೇಲೆ ಕೋಟೆ. ಅದರ ಬುಡದಲ್ಲಿ, ದಕ್ಷಿಣಕ್ಕೆ ಮುಖ ಮಾಡಿರುವ ಕೇರಿ ಮಂಗಲೆಮ್. ಹೊಳೆಯಾಚೆ, ಇನ್ನೊಂದು ಗುಡ್ಡದ ನೆರಳಿನಲ್ಲಿ ಗೊರಿತ್ಸಾ. ಮಂಗಲೆಮ್‌ಗೆ ವರ್ಷವಿಡೀ ಬಿಸಿಲು. ಗೊರಿತ್ಸಾಕ್ಕೆ ಚಳಿಗಾಲದಲ್ಲಿ ಸೂರ್ಯ ಕಾಣೋದೇ ಅಪರೂಪ, ಆದರೆ ಬೇಸಿಗೆಯಲ್ಲಿ ಅದು ತಂಪು. ಒಟ್ಟೋಮನ್ ಕಾಲದಿಂದ ಮಂಗಲೆಮ್ ಮುಸ್ಲಿಮರ ಕೇರಿ, ಗೊರಿತ್ಸಾ ಆರ್ಥೊಡಾಕ್ಸ್ ಕ್ರೈಸ್ತರ ಕೇರಿ. ಹಾಗಂತ ಬಿಸಿಲೆಲ್ಲ ಆಳುವವರಿಗೆ, ನೆರಳು ಮಿಕ್ಕವರಿಗೆ ಅಂತ ಲೆಕ್ಕ ಹಾಕಿಬಿಡಬೇಡಿ. ಎಲ್ಲಕ್ಕಿಂತ ಮೇಲಿರುವ ಕೋಟೆಯೊಳಗಿನ ಕೇರಿಯಲ್ಲೂ ಹೆಚ್ಚಾಗಿ ಇದ್ದವರು ಕ್ರೈಸ್ತರೇ.

ಒಟ್ಟೋಮನ್ ಸೇನೆ ಬೆರಾತ್ ಹಿಡಿದದ್ದು 1417ರಲ್ಲಿ. 1455ರಲ್ಲಿ ಅಲ್ಬೇನಿಯಾದ ರಾಷ್ಟ್ರವೀರ ಸ್ಕಂದರ್‌ಬೆಗ್ ಈ ಕೋಟೆಗೆ ಮುತ್ತಿಗೆ ಹಾಕಿ ಸೋತ. ಆತ ಸ್ಥಳದಲ್ಲಿ ಇಲ್ಲದ ಹೊತ್ತಿನಲ್ಲಿ ಒಟ್ಟೋಮನ್ನರ ಸಹಾಯಕ ಪಡೆ ಬಂದು ಮೇಲೆ ಬಿತ್ತು, ಸಾವಿರಾರು ಜನ ಸತ್ತರು. ಅಲ್ಲಿಂದ ಮುಂದೆ 1912ರಲ್ಲಿ ಅಲ್ಬೇನಿಯಾ ಸ್ವತಂತ್ರವಾಗುವವರೆಗೂ ಈ ಊರು ಇಸ್ತಾಂಬುಲ್‌ನ ಸುಲ್ತಾನರ ಹೆಸರಿನಲ್ಲೇ ಇತ್ತು. ಹತ್ತಿರಹತ್ತಿರ ಐದು ನೂರು ವರ್ಷ.

ಆ ಐದು ನೂರು ವರ್ಷವೂ ಊರಿನಲ್ಲಿ ಒಂದೊಂದು ಕಟ್ಟಡವಾಗಿ ನಿಂತಿದೆ. ಹದಿನೈದನೇ ಶತಮಾನದ ಕೊನೆಯಲ್ಲಿ ಸುಲ್ತಾನ ಎರಡನೇ ಬಾಯಜೀದ್ ಕಾಲದ ‘ರಾಜನ ಮಸೀದಿ’. ಹದಿನಾರನೇ ಶತಮಾನದ ‘ಸೀಸದ ಮಸೀದಿ’, ಗುಮ್ಮಟಕ್ಕೆ ಸೀಸದ ಹೊದಿಕೆ ಇರೋದರಿಂದ ಆ ಹೆಸರು. 1782ರಲ್ಲಿ ಅಹ್ಮತ್ ಕುರ್ಟ್ ಪಾಷಾ ಕಟ್ಟಿಸಿದ ಹಲ್ವೇತಿ ಸೂಫಿಗಳ ಮಠ. ಅದರ ಕೆತ್ತನೆಯ ಮರದ ಚಾವಣಿ ನೋಡುತ್ತಾ ನಿಂತರೆ ಕುತ್ತಿಗೆ ನೋಯುವುದೂ ಗೊತ್ತಾಗೋದಿಲ್ಲ. ಪ್ರಾರ್ಥನೆಯ ದನಿ ಚೆನ್ನಾಗಿ ಕೇಳಿಸಲಿ ಅಂತ ಕಟ್ಟಡದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿದ್ದಾರೆ.

ನನಗೆ ತುಂಬ ಇಷ್ಟವಾದದ್ದು ಮಾತ್ರ ‘ಬ್ಯಾಚುಲರ್‌ಗಳ ಮಸೀದಿ’. ತಮಾಷೆಯಲ್ಲ, ಹೆಸರೇ ಅದು. ನದಿ ಪಕ್ಕ, ಹೊರಗೋಡೆಯ ಮೇಲೆಲ್ಲ ಬಣ್ಣದ ಚಿತ್ರಗಳಿರುವ ಪುಟ್ಟ ಮಸೀದಿ. 1820ರ ದಶಕದಲ್ಲಿ ಕಟ್ಟಿದ್ದು. ಪೇಟೆಯ ಅಂಗಡಿಗಳಲ್ಲಿ ಕೆಲಸಕ್ಕಿದ್ದ, ಕುಶಲಕರ್ಮಿಗಳ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಮದುವೆಯಾಗದ ಹುಡುಗರಿಗಾಗಿ. ಬ್ಯಾಚುಲರ್ ಅಂದ ಕೂಡಲೇ ಬಾಡಿಗೆ ಮನೆಯ ಬಾಗಿಲು ಮುಚ್ಚಿಸಿಕೊಂಡ ನಿಮ್ಮಂಥ ನಮ್ಮಂಥವರಿಗೆ, ಇನ್ನೂರು ವರ್ಷದ ಹಿಂದೆ ಒಂದು ಊರು ನಮಗೂ ಒಂದು ಜಾಗ ಇರಲಿ ಅಂತ ಯೋಚಿಸಿತ್ತು ಅನ್ನೋದೇ ಸಮಾಧಾನ!

ಈಗ ಕಿಟಕಿಗಳ ವಿಷಯಕ್ಕೆ ಬರೋಣ. ಮಂಗಲೆಮ್‌ನ ಹೆಚ್ಚಿನ ಮನೆಗಳು ಹದಿನೆಂಟು, ಹತ್ತೊಂಬತ್ತನೇ ಶತಮಾನದವು. ಕೆಳಗಿನ ಅಂತಸ್ತು ದಪ್ಪ ಕಲ್ಲಿನ ಗೋಡೆ, ಅಲ್ಲಿ ಕಿಟಕಿ ಕಡಿಮೆ. ದವಸ, ಎಣ್ಣೆ, ಸಾಮಾನು ಇಡುವ ಜಾಗ ಅದು. ಮೇಲಿನ ಅಂತಸ್ತು ಮರದ ಚೌಕಟ್ಟಿಗೆ ಗಾರೆ ಮೆತ್ತಿ ಹಗುರವಾಗಿ ಕಟ್ಟಿದ್ದು. ಅದು ಕೆಳಗಿನ ಗೋಡೆಗಿಂತ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ. ಇಳಿಜಾರು ಕಡಿದಾಗಿರೋದರಿಂದ ಹಿಂದಿನ ಮನೆಯ ಕಿಟಕಿ ಮುಂದಿನ ಮನೆಯ ಹೆಂಚಿನ ಮೇಲಿಂದ ನೋಡುತ್ತದೆ. ಹೀಗಾಗಿ ಎಲ್ಲರಿಗೂ ಬಿಸಿಲು, ಎಲ್ಲರಿಗೂ ಹೊಳೆ.

ಹದಿನೆಂಟನೇ ಶತಮಾನದ ಅಂಥದೊಂದು ದೊಡ್ಡ ಮನೆ ಈಗ ಜನಜೀವನದ ಮ್ಯೂಸಿಯಂ ಆಗಿದೆ. ಅಲ್ಲಿ ಗಂಡಸರು ಕೂರುವ ಅತಿಥಿ ಕೋಣೆಯ ಮೇಲ್ಗಡೆ ಅಟ್ಟದಂಥ ಒಂದು ಸಣ್ಣ ಜಾಗ ಇದೆ. ಮನೆಯ ಹೆಂಗಸರು ಅಲ್ಲಿಂದ ಕೆಳಗೆ ನೋಡುತ್ತಿದ್ದರು, ಯಾರ ಲೋಟ ಖಾಲಿಯಾಯಿತು ಅಂತ ತಿಳಿಯೋದಕ್ಕೆ. ಮಾತು ನಡೆಯೋ ಕಡೆ ಅವರಿಗೆ ಜಾಗ ಇರಲಿಲ್ಲ, ಮಾತು ಕೇಳೋದಕ್ಕೆ ಮಾತ್ರ ಇತ್ತು. ಹಳೆಯ ಮನೆ ಅಂದಾಗ ನಾವು ಅದರ ಚೆಂದದ ಜೊತೆ ಇದನ್ನೂ ನೋಡಬೇಕಾಗುತ್ತದೆ.

ಎರಡು ದಡಗಳನ್ನು ಜೋಡಿಸೋದು ಗೊರಿತ್ಸಾ ಸೇತುವೆ. ಇದನ್ನೂ ಕಟ್ಟಿಸಿದವನು ಅಹ್ಮತ್ ಕುರ್ಟ್ ಪಾಷಾನೇ, 1780ರಲ್ಲಿ, ಮೊದಲು ಮರದಲ್ಲಿ. ಈಗಿರುವ ಕಲ್ಲಿನ ಕಮಾನುಗಳು ಆಮೇಲಿನವು. ಈ ಸೇತುವೆಗೆ ಒಂದು ಕಥೆ ಅಂಟಿಕೊಂಡಿದೆ. ಸೇತುವೆಯನ್ನು ಕಾಯುವ ಶಕ್ತಿಗಳು ಶಾಂತವಾಗಿರಲಿ ಅಂತ ಅದರೊಳಗಿನ ಒಂದು ನೆಲಮಾಳಿಗೆಯಲ್ಲಿ ಹುಡುಗಿಯೊಬ್ಬಳನ್ನು ಕೂಡಿಹಾಕಿ ಉಪವಾಸ ಸಾಯಿಸುತ್ತಿದ್ದರಂತೆ. ಅಲ್ಬೇನಿಯಾದ ಉತ್ತರದಲ್ಲಿ ರೊಜಾಫಾ ಕೋಟೆಯ ಕಥೆ ಇನ್ನೂ ಪ್ರಸಿದ್ಧ. ಮೂವರು ಅಣ್ಣತಮ್ಮಂದಿರು ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತದೆ. ಕೊನೆಗೆ ಬುತ್ತಿ ತಂದ ಕಿರಿ ಸೊಸೆಯನ್ನೇ ಗೋಡೆಯೊಳಗಿಟ್ಟು ಕಟ್ಟುತ್ತಾರೆ. ‘ಕೆರೆಗೆ ಹಾರ’ ಕೇಳಿ ಬೆಳೆದ ನಮಗೆ ಇದನ್ನ ವಿವರಿಸಿ ಹೇಳಬೇಕಾ? ಅಲ್ಲೂ ಕಿರಿ ಸೊಸೆ ಭಾಗೀರಥಿಯೇ ಬಲಿ. ಸಾವಿರಾರು ಮೈಲಿ ದೂರದ ಎರಡು ನಾಡುಗಳು ಗೋಡೆಗೆ, ನೀರಿಗೆ ಯಾರನ್ನು ಕೊಡಬೇಕು ಅನ್ನೋ ಪ್ರಶ್ನೆ ಬಂದಾಗ ಒಂದೇ ಕಡೆ ಕೈ ತೋರಿಸಿವೆ.

ಬೆರಾತ್ ಬಗ್ಗೆ ಎಲ್ಲರೂ ಹೇಳುವ ಮಾತು ‘ಸಹಬಾಳ್ವೆ’. ಅದು ಸುಳ್ಳಲ್ಲ. ಆದರೆ ಅದನ್ನ ಸಮಾನತೆ ಅಂದುಕೊಳ್ಳಬಾರದು. ಒಟ್ಟೋಮನ್ ಆಳ್ವಿಕೆಯಲ್ಲಿ ಮುಸ್ಲಿಮರಲ್ಲದವರು ಹೆಚ್ಚಿನ ತೆರಿಗೆ ಕೊಡಬೇಕಿತ್ತು, ಅಧಿಕಾರ ಅವರ ಕೈಲಿರಲಿಲ್ಲ. ಪಾಷಾಗಳ ನಡುವಿನ ಜಗಳದಲ್ಲಿ ಊರು ಕೈ ಬದಲಾಗುತ್ತಿತ್ತು. 1809ರಲ್ಲಿ ತೆಪೆಲೆನಾದ ಅಲಿ ಪಾಷಾ ಬಂದು ಬೆರಾತ್‌ನ ಪಾಷಾನಿಂದಲೇ ಅದನ್ನು ಕಿತ್ತುಕೊಂಡ. ಇಷ್ಟರ ನಡುವೆಯೂ ಹದಿನಾರನೇ ಶತಮಾನದಲ್ಲಿ ಓನುಫ್ರಿ ಅನ್ನೋ ಕಲಾವಿದ ಚರ್ಚುಗಳಿಗೆ ಚಿತ್ರ ಬರೆಯುತ್ತಿದ್ದ. ಆತನ ಕಡುಗೆಂಪು ಬಣ್ಣ ಇವತ್ತಿಗೂ ಹೆಸರುವಾಸಿ. ಕೋಟೆಯೊಳಗಿನ ದೊಡ್ಡ ಚರ್ಚು 1797ರಲ್ಲಿ ಹೊಸದಾಗಿ ಎದ್ದು ನಿಂತದ್ದೂ ಪಾಷಾಗಳ ಕಾಲದಲ್ಲೇ. ಆ ಚರ್ಚಿನಲ್ಲೇ ಈಗ ಓನುಫ್ರಿ ಹೆಸರಿನ ಮ್ಯೂಸಿಯಂ ಇದೆ.

ಸಹಬಾಳ್ವೆ ಕಣ್ಣಿಗೆ ಕಾಣಬೇಕು ಅಂದರೆ ತೊಮೊರ್ ಬೆಟ್ಟದ ಕಡೆ ನೋಡಬೇಕು. ಆಗಸ್ಟ್ ಮಧ್ಯದಲ್ಲಿ ಮೇರಿಮಾತೆಯ ಹಬ್ಬಕ್ಕೆ ಕ್ರೈಸ್ತರು ಆ ಬೆಟ್ಟ ಹತ್ತುವ ಪದ್ಧತಿ ಇದೆ. ಅದಾಗಿ ಕೆಲವೇ ದಿನಕ್ಕೆ ಬೆಕ್ತಾಶಿ ಸೂಫಿಗಳ ಜಾತ್ರೆ. ಬೆಟ್ಟದ ಮೇಲಿರುವುದು ಕರ್ಬಲಾದಲ್ಲಿ ಮಡಿದ ಅಬ್ಬಾಸ್ ಅಲಿಯ ಹೆಸರಿನ ಗದ್ದುಗೆ. ಜನ ಕುರಿ ಕೊಯ್ದು, ಸುಟ್ಟು, ಹಂಚಿ ತಿಂದು, ಹರಕೆ ತೀರಿಸಿ ಇಳಿಯುತ್ತಾರೆ. ಕೊಪ್ಪಳ, ರಾಯಚೂರು ಕಡೆಯವರಿಗೆ ಈ ಹೆಸರು ಹೊಸದಲ್ಲ. ಹಿಂದೂ ಮುಸ್ಲಿಮ್ ಅನ್ನದೆ ಊರಿಗೆ ಊರೇ ಸೇರುವ ನಮ್ಮ ಅಲಾಯಿ ಹಬ್ಬವೂ ಅದೇ ಕರ್ಬಲಾದ ನೆನಪಿನದು.

ಇಪ್ಪತ್ತನೇ ಶತಮಾನ ಬೆರಾತ್‌ಗೆ ನಿಜವಾದ ಪರೀಕ್ಷೆ ತಂದಿತು. ಇಲ್ಲಿನ ಚರ್ಚಿನವರ ಬಳಿ ಆರನೇ ಶತಮಾನದ ಒಂದು ಹಸ್ತಪ್ರತಿ ಇತ್ತು. ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದ ಮತ್ತಾಯ, ಮಾರ್ಕರ ಸುವಾರ್ತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸಿಗಬಾರದು ಅಂತ ಊರಿನವರು ಅದನ್ನು ಬಚ್ಚಿಟ್ಟರು. ಅದೇ ಹೊತ್ತಿನಲ್ಲಿ ಬೆರಾತ್‌ನ ಮನೆಗಳು ಯಹೂದಿ ಕುಟುಂಬಗಳಿಗೂ ಆಶ್ರಯ ಕೊಟ್ಟವು. ಬಾಗಿಲಿಗೆ ಬಂದವರನ್ನು ಕಾಯುವ ಮಾತಿಗೆ ಅಲ್ಬೇನಿಯಾದವರು ‘ಬೆಸಾ’ ಅಂತಾರೆ. ಯುದ್ಧ ಮುಗಿದಾಗ ಅಲ್ಬೇನಿಯಾದಲ್ಲಿ ಯುದ್ಧಕ್ಕೆ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಯಹೂದಿಗಳಿದ್ದರು. ಯುರೋಪಿನಲ್ಲಿ ಹೀಗೆ ಹೇಳಬಹುದಾದ ದೇಶಗಳು ಎಷ್ಟಿವೆ ಹೇಳಿ?

ಆಮೇಲೆ ಬಂದದ್ದು ಎನ್ವರ್ ಹೋಜಾನ ಕಮ್ಯುನಿಸ್ಟ್ ಸರ್ಕಾರ. 1967ರಲ್ಲಿ ಅದು ಧರ್ಮವನ್ನೇ ನಿಷೇಧಿಸಿತು. ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಸೀದಿ, ಚರ್ಚು, ಸೂಫಿ ಮಠಗಳು ಬಾಗಿಲು ಹಾಕಿದವು. ಎಷ್ಟೋ ನೆಲಸಮವಾದವು, ಎಷ್ಟೋ ಗೋದಾಮುಗಳಾದವು. ವಿಚಿತ್ರ ಏನೆಂದರೆ, ಅದೇ ಸರ್ಕಾರ 1961ರಲ್ಲೇ ಬೆರಾತನ್ನು ‘ಮ್ಯೂಸಿಯಂ ನಗರ’ ಅಂತ ಘೋಷಿಸಿತ್ತು. ಹಾಗಾಗಿ ಇಲ್ಲಿ ಪ್ರಾರ್ಥನೆ ನಿಂತಿತು, ಆದರೆ ಮುಖ್ಯವಾದ ಹಳೆಯ ಕಟ್ಟಡಗಳು ಉಳಿದವು. ಬಚ್ಚಿಟ್ಟಿದ್ದ ಆ ಸುವಾರ್ತೆಯ ಹಸ್ತಪ್ರತಿ 1968ರಲ್ಲಿ ಮತ್ತೆ ಸಿಕ್ಕಾಗ, ದೇವರನ್ನೇ ನಿಷೇಧಿಸಿದ ಸರ್ಕಾರ ಅದನ್ನು ರಿಪೇರಿಗೆ ಚೀನಾಕ್ಕೆ ಕಳಿಸಿತು! ಈಗ ಅದು ಟಿರಾನಾದ ಪತ್ರಾಗಾರದಲ್ಲಿ ಭದ್ರವಾಗಿದೆ.

ಆ ಕಾಲದ ಇನ್ನೊಂದು ಗುರುತು ಶ್ಪಿರಾಗ್ ಬೆಟ್ಟದ ಮೇಲಿದೆ. 1968ರಲ್ಲಿ ಅದರ ಮೈಮೇಲೆ ಕಲ್ಲುಗಳಿಗೆ ಬಣ್ಣ ಬಳಿದು ‘ಎನ್ವರ್’ ಅಂತ ಇಂಗ್ಲಿಷ್ ಲಿಪಿಯ ಐದು ಅಕ್ಷರಗಳಲ್ಲಿ ಬರೆಸಿದ್ದರು. ಮೈಲಿಗಟ್ಟಲೆ ದೂರಕ್ಕೆ ಕಾಣುವಷ್ಟು ದೊಡ್ಡದು. ಸರ್ವಾಧಿಕಾರ ಹೋದ ಮೇಲೆ ಅದು ಕಾಡು ಬೆಳೆದು ಮುಚ್ಚಿಹೋಯಿತು. 2012ರಲ್ಲಿ ಅರ್ಮಾಂಡೊ ಲುಲಾಯ್ ಅನ್ನೋ ಕಲಾವಿದ ಜನರನ್ನು ಸೇರಿಸಿಕೊಂಡು ಗಿಡಗಂಟಿ ಸವರಿಸಿ ಅಕ್ಷರಗಳನ್ನು ಮತ್ತೆ ಬರೆಸಿದ. ಆದರೆ ಮೊದಲ ಎರಡು ಅಕ್ಷರ ಅದಲುಬದಲು ಮಾಡಿ. ‘ಎನ್ವರ್’ ಇದ್ದದ್ದು ‘ನೆವರ್’ ಆಯಿತು.

ಗೊರಿತ್ಸಾದಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ನನಗೆ ಅಲ್ಬೇನಿಯನ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ. ನಮ್ಮ ಮಾತೆಲ್ಲ ಫೋನಿನ ಅನುವಾದದಲ್ಲಿ, ಮಿಕ್ಕದ್ದು ಕೈಸನ್ನೆಯಲ್ಲಿ. ಅಲ್ಲಿಯವರು ಹೌದು ಅನ್ನೋದಕ್ಕೆ ತಲೆ ಅಡ್ಡಡ್ಡ ಆಡಿಸೋದರಿಂದ ಮೊದಲ ದಿನ ನನಗೆ ಟೀ ಬೇಕೋ ಬೇಡವೋ ಅನ್ನೋದೇ ಇತ್ಯರ್ಥವಾಗಲಿಲ್ಲ. ಆಮೇಲೆ ಬೆಟ್ಟದ ಸೊಪ್ಪಿನ ಟೀ ಬಂತು, ಜೊತೆಗೆ ಗ್ಲಿಕೊ. ಅಂಜೂರವನ್ನು ಸಕ್ಕರೆ ಪಾಕದಲ್ಲಿ ಇಡಿಯಾಗಿ ಬೇಯಿಸಿದ್ದು, ನಮ್ಮ ಮುರಬ್ಬದ ಹಾಗೆ.

ಅವರ ಒಬ್ಬ ಮಗ ಇಟಲಿಯಲ್ಲಿ, ಇನ್ನೊಬ್ಬ ಗ್ರೀಸ್‌ನಲ್ಲಿ. ಇಬ್ಬರೂ ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಬರುತ್ತಾರೆ. ಮೊಮ್ಮಕ್ಕಳಿಗೆ ಅಲ್ಬೇನಿಯನ್ ಸರಿಯಾಗಿ ಬರಲ್ಲವಂತೆ. ಅಜ್ಜಿ ದಿನಾ ಬೆಳಿಗ್ಗೆ ಎದ್ದು, ಅತಿಥಿಗಳು ಇರಲಿ ಬಿಡಲಿ, ಎಲ್ಲ ಕೋಣೆಗಳ ಕಿಟಕಿ ತೆರೆಯುತ್ತಿದ್ದರು. ಯಾಕೆ ಅಂತ ಕೇಳಿದೆ. ಮೊದಲು ಗೋಡೆ ಮುಟ್ಟಿ ತೋರಿಸಿದರು, ಆಮೇಲೆ ಫೋನಿಗೆ ಹೇಳಿದರು. ಫೋನು ಅನುವಾದ ಮಾಡಿದ್ದು ಇಷ್ಟು: ಮುಚ್ಚಿದರೆ ಥಂಡಿ ಹಿಡಿಯುತ್ತೆ, ಮರ ಕೊಳೆಯುತ್ತೆ, ಎರಡು ಚಳಿಗಾಲ ಸಾಕು. ಆಮೇಲೆ ಕಿಟಕಿಯಿಂದಲೇ ಬೆರಳು ಮಾಡಿ ಕೇರಿಯಲ್ಲಿ ಬೀಗ ಬಿದ್ದ ಮನೆಗಳನ್ನು ಒಂದೊಂದಾಗಿ ಎಣಿಸಿದರು. ಇಟಲಿ, ಇಟಲಿ, ಜರ್ಮನಿ, ತೀರಿಕೊಂಡರು, ಗ್ರೀಸ್.

ಇದು ಆ ಒಂದು ಕೇರಿಯ ಕಥೆ ಮಾತ್ರ ಅಲ್ಲ. 1990ರ ಸುಮಾರಿಗೆ ಗಡಿಗಳು ತೆರೆದ ಮೇಲೆ ಅಲ್ಬೇನಿಯಾದಿಂದ ಜನ ಹೋಗುತ್ತಲೇ ಇದ್ದಾರೆ. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 28 ಲಕ್ಷ. 2023ರಲ್ಲಿ ಅದು ಸುಮಾರು 24 ಲಕ್ಷ. ಬೆರಾತ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2008ರಲ್ಲಿ. ಗೌರವ ಬಂತು, ಪ್ರವಾಸಿಗಳೂ ಬಂದರು. ಆದರೆ ಅಂಥ ಮನೆಯನ್ನು ಇಟ್ಟುಕೊಳ್ಳೋದು ಸುಲಭವಲ್ಲ. ಸೋರುವ ಮಾಡಿಗೆ ತಗಡು ಹಾಕಿ ಮುಗಿಸುವ ಹಾಗಿಲ್ಲ. ಹಳೆಯ ರೀತಿಯ ಹೆಂಚು, ಮರ, ಗಾರೆಯೇ ಬೇಕು, ಅದನ್ನು ಬಲ್ಲ ಕೆಲಸಗಾರರೂ ಬೇಕು. ಆ ವಯಸ್ಸಿನ ಗಟ್ಟಿ ಕೈಗಳು ಇಟಲಿಯಲ್ಲೋ ಜರ್ಮನಿಯಲ್ಲೋ ಕಟ್ಟಡ ಕಟ್ಟುತ್ತಿರುತ್ತವೆ.

ಹೋದವರನ್ನು ತಪ್ಪು ಅನ್ನೋದಕ್ಕೆ ನನಗೆ ಬಾಯಿ ಬರಲ್ಲ. ಸಂಬಳ ಇರುವಲ್ಲಿಗೆ ಹೋಗಿ, ಊರಿಗೆ ಹಬ್ಬಕ್ಕೆ ಮಾತ್ರ ಬರುವವರ ಪೈಕಿ ನಾನೂ ಒಬ್ಬ, ಈ ಅಂಕಣ ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರೂ ಹೌದು. ಹಾಗೆ ನೋಡಿದರೆ ಅತಿಥಿ ಕೋಣೆ ಬಾಡಿಗೆಗೆ ಕೊಡೋದೇ ಬೆರಾತ್‌ನಲ್ಲಿ ಈಗ ಹಲವರಿಗೆ ಊರು ಬಿಡದೇ ಇರೋದಕ್ಕೆ ಸಿಕ್ಕ ದಾರಿ. ಅಜ್ಜಿಯ ಮನೆಯ ಹೆಂಚು ರಿಪೇರಿಯಾಗೋದು ನಮ್ಮಂಥವರು ಕೊಡುವ ದುಡ್ಡಿನಿಂದಲೇ. ಆದರೆ ಕೇರಿಯ ಮನೆಗಳೆಲ್ಲ ಹೋಟೆಲ್ ಆಗಿಬಿಟ್ಟರೆ ಆಗ ಉಳಿಯೋದು ಏನು? ಅಣ್ಣತಮ್ಮಂದಿರ ಜಗಳ, ಪಕ್ಕದ ಮನೆಗೆ ಗ್ಲಿಕೊ ಕಳಿಸೋದು, ಆಚೆ ದಡದಲ್ಲಿ ಸತ್ತವರಿಗೆ ಈಚೆ ದಡದವರು ಹೆಗಲು ಕೊಡೋದು, ಇವು ಯಾವುವೂ ಯುನೆಸ್ಕೊ ಪಟ್ಟಿಯಲ್ಲಿ ಬರೆದಿಡುವಂಥವಲ್ಲ. ಐದು ನೂರು ವರ್ಷ ಈ ಊರನ್ನು ಊರಾಗಿ ಇಟ್ಟಿದ್ದು ಅವೇ.

ಸಂಜೆಯಾದರೆ ಬೆರಾತ್‌ನ ಜನ ಒಳ್ಳೆ ಬಟ್ಟೆ ಹಾಕಿಕೊಂಡು ನದಿಯ ಪಕ್ಕದ ದೊಡ್ಡ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಇದಕ್ಕೆ ‘ಜಿರೊ’ ಅಂತ ಹೆಸರು. ಕೆಲಸ ಏನೂ ಇಲ್ಲ, ಸುಮ್ಮನೆ ನಡೆಯೋದು, ಎದುರಿಗೆ ಬಂದವರನ್ನ ಮಾತಾಡಿಸೋದು. ಹಗಲು ಫೋಟೊದಲ್ಲಿ ಎಲ್ಲ ಕಿಟಕಿಗಳೂ ಒಂದೇ ಥರ ಹೊಳೆಯುತ್ತವೆ. ಆ ನಡಿಗೆ ಮುಗಿಯುವ ಹೊತ್ತಿಗೆ ಕತ್ತಲಾಗುತ್ತದೆ, ಆಗ ತಲೆ ಎತ್ತಿ ನೋಡಬೇಕು. ಯಾವ ಕಿಟಕಿಯ ಹಿಂದೆ ದೀಪ ಇದೆ, ಯಾವುದರ ಹಿಂದೆ ಇಲ್ಲ ಅಂತ ಸ್ಪಷ್ಟವಾಗಿ ಕಾಣುತ್ತದೆ.

ನೀವು ಮುಂದೆ ಎಂದಾದರೂ ಆ ಕಡೆ ಹೋದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ರೂಮ್ ಬುಕ್ ಮಾಡುವಾಗ ಮನೆಯವರು ಅದೇ ಮನೆಯಲ್ಲಿ ಇರ್ತಾರಾ ಅಂತ ಕೇಳಿ. ಇರ್ತಾರೆ ಅಂದರೆ ಅಲ್ಲೇ ಉಳಿದುಕೊಳ್ಳಿ. ಗ್ಲಿಕೊ ಕೊಟ್ಟರೆ ಬೇಡ ಅನ್ನಬೇಡಿ. ತಲೆ ಮಾತ್ರ ಅಡ್ಡಡ್ಡ ಆಡಿಸಿ!